ಜಠರದ ಬೈಪಾಸ್ ಆಗಿ ವರ್ಷಗಳ ಮೇಲೆ: ವೈದ್ಯನಾಗಿ ನನ್ನ ಅನುಭವ

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ನನ್ನಲ್ಲಿಗೆ ಬರುವುದು ಹೆಚ್ಚಾಗಿ ಕೆಲವು ವರ್ಷಗಳು ಕಳೆದ ಮೇಲೆ. ಆ ಹೊತ್ತಿಗೆ ತೂಕ ಇಳಿದಿರುತ್ತದೆ, ತಪಾಸಣೆಗೆ ಹೋಗುವ ರೂಢಿಯೂ ತಪ್ಪಿರುತ್ತದೆ. ಅಂಗಾಲು ಜೋಮು ಹಿಡಿಯುತ್ತಿದೆ ಎಂದು ಬಂದವರು ಹಳೆಯ ಶಸ್ತ್ರಚಿಕಿತ್ಸೆಯ ಮಾತನ್ನೇ ಎತ್ತುವುದಿಲ್ಲ. ಆದ್ದರಿಂದ ಹೊಟ್ಟೆಯ ಮೇಲೆ ಸಣ್ಣ ಕಲೆಗಳು ಕಂಡರೆ, ಆದದ್ದು ಬೈಪಾಸೋ (ಜಠರದ ಮೇಲ್ಭಾಗವನ್ನು ಸಣ್ಣ ಚೀಲವಾಗಿಸಿ ನೇರವಾಗಿ ಸಣ್ಣಕರುಳಿನ ಮುಂದಿನ ಭಾಗಕ್ಕೆ ಜೋಡಿಸುವುದು) ಸ್ಲೀವೋ (ಜಠರದ ಬಹುಭಾಗ ಕತ್ತರಿಸಿ ಕೊಳವೆಯಂತೆ ಕಿರಿದಾಗಿಸುವುದು) ಎಂದು ಮೊದಲು ಖಚಿತಪಡಿಸಿಕೊಳ್ಳುತ್ತೇನೆ. ಸ್ಲೀವ್ ಆದವರನ್ನು ಹೆಚ್ಚಾಗಿ ಕಾಡುವುದು ಎದೆಯುರಿ. ಬೈಪಾಸ್ ಆದವರ ತೊಂದರೆಗಳು ಬೇರೆ.

ಬೈಪಾಸ್ ಆದ ಮೇಲೆ ವಿಟಮಿನ್ ಬಿ12 ಸರಿಯಾಗಿ ಹೀರಿಕೆಯಾಗುವುದಿಲ್ಲ; ಆದರೆ ಯಕೃತ್ತಿನಲ್ಲಿರುವ ಅದರ ದಾಸ್ತಾನು ವರ್ಷಗಟ್ಟಲೆ ಬರುವುದರಿಂದ ಕೊರತೆ ತಡವಾಗಿ ತಲೆ ಎತ್ತುತ್ತದೆ. ಫೋಲಿಕ್ ಆಮ್ಲವಿರುವ ಮಾತ್ರೆ ನುಂಗುತ್ತಿರುವವರಲ್ಲಿ ಹಿಮೋಗ್ಲೋಬಿನ್ ಸರಿಯಾಗಿಯೇ ಇದ್ದು, ನರಗಳು ಮಾತ್ರ ಒಳಗೊಳಗೇ ಸೊರಗುತ್ತಿರಬಹುದು. ಹಾಗಾಗಿ ಹಿಮೋಗ್ಲೋಬಿನ್ ನೋಡಿ ಸುಮ್ಮನಾಗದೆ, ಕಣ್ಣು ಮುಚ್ಚಿಸಿ, ಕಾಲಿನ ಹೆಬ್ಬೆರಳನ್ನು ಮೇಲಕ್ಕೋ ಕೆಳಕ್ಕೋ ಸರಿಸಿ, ಎತ್ತ ಸರಿಯಿತೆಂದು ಕೇಳುತ್ತೇನೆ. ಬಿ12 ಸರಿಯಿದ್ದೂ ನಡಿಗೆ ತೂರಾಡುತ್ತಿದ್ದರೆ ರಕ್ತದಲ್ಲಿ ತಾಮ್ರದ ಮಟ್ಟ ನೋಡಿಸುತ್ತೇನೆ, ಅದರ ಕೊರತೆಯೂ ಹೀಗೇ ಕಾಡುತ್ತದೆ. ಕ್ಯಾಲ್ಸಿಯಂ ಬರೆಯುವಾಗ, ಜಠರಾಮ್ಲ ಕಡಿಮೆಯಿದ್ದರೂ ಹೀರಿಕೆಯಾಗುವ ಸಿಟ್ರೇಟ್ ರೂಪವನ್ನೇ, ದಿನಕ್ಕೆ 1200ರಿಂದ 1500 ಮಿಲಿಗ್ರಾಂ ಆಗುವಂತೆ ಭಾಗ ಮಾಡಿ, ಕಬ್ಬಿಣದ ಮಾತ್ರೆಯಿಂದ ಕನಿಷ್ಠ 2 ಗಂಟೆ ದೂರವಿಟ್ಟು ಬರೆಯುತ್ತೇನೆ.

ನಾನು ಎಲ್ಲಕ್ಕಿಂತ ಹೆಚ್ಚು ಅಂಜುವುದು ಬಿಟ್ಟುಬಿಟ್ಟು ಬರುವ ಹೊಟ್ಟೆನೋವಿಗೆ. ಒಳಗಿನ ಕೊಬ್ಬು ಕರಗಿದಂತೆ ಕರುಳಿನ ಪೊರೆಯಲ್ಲಿ ಉಳಿದ ಸಂದುಗಳು ಅಗಲವಾಗಿ, ಕರುಳು ಅಲ್ಲಿ ನುಸುಳಿ ತಿರುಚಿಕೊಳ್ಳಬಹುದು. "ಗ್ಯಾಸ್ಟ್ರಿಕ್ ಇರಬೇಕು ಡಾಕ್ಟ್ರೇ" ಎಂದೇ ಒಬ್ಬ ಮಹಿಳೆ ಮಾತು ಶುರು ಮಾಡಿದ್ದರು. ಉಂಡ ಸ್ವಲ್ಪ ಹೊತ್ತಿಗೆ ಹೊಕ್ಕುಳ ಎಡಮೇಲೆ ನೋವು ಹಿಂಡುತ್ತಿತ್ತು, ಮಂಡಿ ಮಡಚಿ ಮಲಗಿದರೆ ಇಳಿಯುತ್ತಿತ್ತು. ನೋವಿಲ್ಲದ ಹೊತ್ತಿನಲ್ಲಿ ತೆಗೆಸಿದ ಸಿಟಿ ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಈ ಕಾಯಿಲೆಯಲ್ಲಿ ಸ್ಕ್ಯಾನ್ ಸರಿಯಿದೆ ಎಂಬುದನ್ನು ನಾನು ಸಮಾಧಾನವೆಂದು ಎಣಿಸುವುದಿಲ್ಲ. ಶಸ್ತ್ರಚಿಕಿತ್ಸಕರೊಡನೆ ಮಾತಾಡಿ ಲ್ಯಾಪರೊಸ್ಕೋಪಿಗೆ ಕಳುಹಿಸಿದೆ. ಸಂದಿಯೊಳಗೆ ಕರುಳಿನ ಒಂದು ಸುತ್ತು ಸೇರಿಕೊಂಡಿತ್ತು, ಬಣ್ಣ ಕೆಟ್ಟಿರಲಿಲ್ಲ. ಅದನ್ನು ಬಿಡಿಸಿ ಸಂದನ್ನು ಹೊಲಿದರು.

ನೋವು ಸುಡುವಂತಿದ್ದರೆ ಧೂಮಪಾನ, ನೋವು ನಿವಾರಕ ಮಾತ್ರೆಗಳ ಬಗ್ಗೆ ಕೆದಕಿ ಕೇಳಿ ಎಂಡೋಸ್ಕೋಪಿ ಮಾಡಿಸುತ್ತೇನೆ, ಏಕೆಂದರೆ ಜೋಡಣೆಯ ಜಾಗದಲ್ಲಿ ಹುಣ್ಣಾಗಲು ಇವೆರಡೂ ದೊಡ್ಡ ಕಾರಣಗಳು. ಉಂಡ 1ರಿಂದ 3 ಗಂಟೆಗಳಲ್ಲಿ ಬೆವರಿ ನಡುಗುವವರಿಗೆ, ರಕ್ತದ ಸಕ್ಕರೆ ಕುಸಿದಿದೆಯೇ ಎಂದು ಆ ಕ್ಷಣದಲ್ಲೇ ಗ್ಲುಕೋಮೀಟರಿನಲ್ಲಿ ನೋಡಿ ಬರೆದಿಡಲು ಹೇಳುತ್ತೇನೆ. ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆ ಇವರಿಗೆ ತಕ್ಕದ್ದಲ್ಲ. ದಿನಗಟ್ಟಲೆ ವಾಂತಿಯಾಗಿ ಬಂದವರಿಗಂತೂ ಗ್ಲೂಕೋಸ್ ಡ್ರಿಪ್ ಹಚ್ಚುವ ಮೊದಲು ಥಯಾಮಿನ್ (ವಿಟಮಿನ್ ಬಿ1) ಚುಚ್ಚುಮದ್ದು ಕೊಡಿಸುತ್ತೇನೆ, ಅದಕ್ಕೆ ರಕ್ತದ ವರದಿ ಬರುವವರೆಗೆ ಕಾಯುವುದಿಲ್ಲ.