ಹಲ್ಲಿನ ಡಾಕ್ಟರ್ ಹತ್ತಿರ ಮೊದಲ ಸಲ ಹೋಗೋ ಮುಂಚೆ ಹೀಗೆ ಮಾಡಿ ನೋಡಿ

ಅಪಾಯಿಂಟ್‌ಮೆಂಟ್‌ಗೆ ಒಂದು ವಾರ ಇದೆ ಅನ್ನುವಾಗಲೇ, ರಾತ್ರಿ ಬ್ರಷ್ ಮಾಡಿಸುವಾಗ ಮಗುವನ್ನು ತೊಡೆ ಮೇಲೆ ಅಂಗಾತ ಮಲಗಿಸಿಕೊಳ್ಳಿ, ತಲೆ ನಿಮ್ಮ ಹೊಟ್ಟೆ ಕಡೆ ಇರಲಿ. ಮೊಬೈಲ್ ಟಾರ್ಚನ್ನು ಕಣ್ಣಿಗೆ ಹೊಡೆಯದ ಹಾಗೆ ಬಾಯೊಳಗೆ ಬಿಟ್ಟು, ಸಣ್ಣ ಸ್ಟೀಲ್ ಚಮಚದ ಬೆನ್ನಿಂದ ಒಂದೊಂದೇ ಹಲ್ಲು ಮುಟ್ಟುತ್ತಾ ಜೋರಾಗಿ ಎಣಿಸಿ. ಹಾಲುಹಲ್ಲು ಪೂರ್ತಿ ಬಂದಿದ್ದರೆ ಇಪ್ಪತ್ತು. ಆರನೇ ಹಲ್ಲಿಗೇ ಬಾಯಿ ಮುಚ್ಚಿದರೆ ಅವತ್ತಿಗೆ ಅಷ್ಟೇ ಸಾಕು. ಸಣ್ಣ ಮಕ್ಕಳಿಗೆ ಡಾಕ್ಟರಿಗಿಂತ ಹೆಚ್ಚು ಗಾಬರಿ ಆಗೋದು ಹಿಂದಕ್ಕೆ ಮಲಗಿಸೋದು, ಮುಖದ ಮೇಲಿನ ಲೈಟು, ಬಾಯೊಳಗೆ ತಣ್ಣಗೆ ತಗಲೋ ಸ್ಟೀಲು. ಮೂರೂ ಮನೆಯಲ್ಲೇ ರೂಢಿಯಾಗಿರುತ್ತೆ. ಮೂರು ವರ್ಷದೊಳಗಿನವರನ್ನು ಎಷ್ಟೋ ಡಾಕ್ಟರ್‌ಗಳು ಚೇರಿನಲ್ಲಿ ಕೂರಿಸೋದೇ ಇಲ್ಲ, ಅಪ್ಪ ಅಮ್ಮನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು, ಮಗುವಿನ ತಲೆಯನ್ನು ತಮ್ಮ ತೊಡೆ ಮೇಲೆ ಇಟ್ಟುಕೊಂಡೇ ನೋಡುತ್ತಾರೆ. "ನೋವಾಗಲ್ಲ", "ಸೂಜಿ ಚುಚ್ಚಲ್ಲ" ಅಂತ ಮಾತ್ರ ಹೇಳಬೇಡಿ, ಅಲ್ಲಿವರೆಗೂ ಅದರ ತಲೆಯಲ್ಲಿ ಸೂಜಿಯೇ ಇರಲಿಲ್ಲ. (ಊಟ ಮಾಡದಿದ್ರೆ ಡಾಕ್ಟರ್ ಇಂಜೆಕ್ಷನ್ ಕೊಡ್ತಾರೆ ಅಂತ ಹೆದರಿಸೋ ಅಜ್ಜಿ ತಾತಂದಿರಿಗೂ ಆ ವಾರ ಸ್ವಲ್ಪ ಹೇಳಿಡಿ!) ಆಗಲೇ ಹಲ್ಲುನೋವು, ಒಸಡು ಊತ ಇದ್ದರೆ ಈ ಆಟ ನಡೆಯಲ್ಲ, ಮುಟ್ಟಿದರೆ ಇನ್ನೂ ಹೆದರುತ್ತೆ, ನೇರ ಕರ್ಕೊಂಡು ಹೋಗಿ. ನಿದ್ದೆ ಹೊತ್ತಿಗೆ ಅಪಾಯಿಂಟ್‌ಮೆಂಟ್ ತಗೊಂಡಿದ್ದರೂ ಅಭ್ಯಾಸ ಮಾಡಿಸಿದ್ದು ದಂಡ. ಬೆಳಗ್ಗೆ ತಿಂಡಿ ಆಗಿ ಒಂದು ಗಂಟೆ ಬಿಟ್ಟು ಹೋದರೆ ಒಳ್ಳೇದು, ತುಂಬಿದ ಹೊಟ್ಟೆಯಲ್ಲಿ ಮಲಗಿಸಿದರೆ ವಾಂತಿ ಆಗಬಹುದು.