ಕ್ಲಬ್ ಅಭ್ಯಾಸಕ್ಕೆ ಮಕ್ಕಳನ್ನು ಕಳಿಸುವ ಮುನ್ನ: ಕೊಡಗಿನಲ್ಲಿ ನಾವು ಮಾಡುವ ತಯಾರಿ

ವೃತ್ತಿಪರ ಕ್ಲಬ್ಬಿನಲ್ಲಿ ಒಂದೆರಡು ವಾರ ಅಭ್ಯಾಸ ಮಾಡಲು ಅವಕಾಶ ಸಿಕ್ಕ ಹುಡುಗ ಅಲ್ಲಿ ಹೊಸದಾಗಿ ಫುಟ್‌ಬಾಲ್ ಕಲಿಯುವುದಿಲ್ಲ. ಅಷ್ಟು ದಿನದಲ್ಲಿ ಆಗುವ ಕೆಲಸ ಅದಲ್ಲ. ಆ ಮಟ್ಟದಲ್ಲಿ ಆಟದ ವೇಗ ಎಷ್ಟು, ತಾನು ಎಲ್ಲಿ ಹಿಂದೆ ಬೀಳುತ್ತೇನೆ ಎನ್ನುವುದನ್ನು ತಿಳಿದು ಬಂದರೆ ಹೋದದ್ದು ಸಾರ್ಥಕ. ಮೊದಲ ನಾಲ್ಕು ದಿನ ಟರ್ಫಿಗೆ (ಕೃತಕ ಹುಲ್ಲಿನ ಮೈದಾನಕ್ಕೆ), ಬಿಸಿಲಿಗೆ, ಹೊಸ ಬೂಟಿಗೆ ಹೊಂದಿಕೊಳ್ಳುವುದರಲ್ಲೇ ಕಳೆದರೆ ಅದಕ್ಕೆ ಸಮಯವೇ ಉಳಿಯುವುದಿಲ್ಲ. ಹಾಗಾಗಿ ನಮ್ಮ ಗಮನವೆಲ್ಲ ಹೊರಡುವ ಮುಂಚಿನ ಆರು ವಾರಗಳ ಮೇಲೆ.

ನಮ್ಮ ಮಕ್ಕಳಿಗೆ ಓಡುವ ಶಕ್ತಿಗೆ ಕೊರತೆಯಿಲ್ಲ. ಎಡವುವುದು ಮೊದಲ ಸ್ಪರ್ಶದಲ್ಲಿ, ಅಂದರೆ ಬಂದ ಬಾಲನ್ನು ಕಾಲಿನಿಂದ ಹಿಡಿತಕ್ಕೆ ತೆಗೆದುಕೊಳ್ಳುವಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಮೈದಾನಗಳು ಕೆಸರು, ಆಮೇಲೆ ಉದ್ದ ಹುಲ್ಲು. ಬಾಲು ತಡೆದು ತಡೆದು ಬರುತ್ತದೆ, ಕಾಲಿಗೆ ತಗುಲುವ ಹೊತ್ತಿಗೆ ಅರ್ಧ ಸತ್ತಿರುತ್ತದೆ. ಅದೇ ಅಭ್ಯಾಸದಲ್ಲಿ ಟರ್ಫಿಗೆ ಇಳಿದರೆ ಜಾರಿಕೊಂಡು ಬರುವ ಪಾಸು ಕಾಲಿಗೆ ಬಡಿದು ಎರಡು ಮೀಟರ್ ಆಚೆ ಹಾರುತ್ತದೆ. ಅಷ್ಟರಲ್ಲಿ ಎದುರಾಳಿ ಅದನ್ನು ಕಸಿದಿರುತ್ತಾನೆ.

ಇದಕ್ಕೆ ನಾವು ಕಂಡುಕೊಂಡ ಜಾಗ ಕಾಫಿ ಒಣಗಿಸುವ ಕಣ. ಸಿಮೆಂಟಿನ ಸಮತಟ್ಟು ನೆಲದ ಮೇಲೆ ಬಾಲು ಟರ್ಫಿಗಿಂತಲೂ ಜೋರಾಗಿ ಓಡುತ್ತದೆ. ಡಿಸೆಂಬರ್‌ನಿಂದ ಕಾಫಿ ಒಣಗಿ ಮುಗಿಯುವವರೆಗೆ ಕಣ ಸಿಗುವುದಿಲ್ಲ. ಹೂಮಳೆಯ ನಂತರದ ಏಪ್ರಿಲ್, ಮೇ ತಿಂಗಳು ಅನುಕೂಲ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಕಣಕ್ಕೆ ಮಾತ್ರ ಮಕ್ಕಳನ್ನು ಇಳಿಸಬಾರದು, ಬಿದ್ದರೆ ಮಣಿಕಟ್ಟು ಮುರಿಯುತ್ತದೆ. ಇಲ್ಲಿ ಸ್ಟಡ್ (ಬೂಟಿನ ಅಡಿಯ ಮೊನೆಗಳು) ಬೇಡ, ಚಪ್ಪಟೆ ಅಡಿಯ ಬೂಟೇ ಸಾಕು.

ಗೋಡೆಯಿಂದ ಐದು ಮೀಟರ್ ದೂರದಲ್ಲಿ ಸೀಮೆಸುಣ್ಣದಿಂದ ಒಂದು ಮೀಟರ್ ಚೌಕ ಬರೆಯುತ್ತೇವೆ. ಗೋಡೆಗೆ ಬಡಿದು ಬಂದ ಬಾಲನ್ನು ಮೊದಲ ಸ್ಪರ್ಶದಲ್ಲಿ ಅರ್ಧ ಮೀಟರ್ ಪಕ್ಕಕ್ಕೆ ತೆಗೆದುಕೊಂಡು ಎರಡನೆಯದರಲ್ಲಿ ಪಾಸು ಕೊಡಬೇಕು. ಬಾಲು ಚೌಕ ದಾಟಬಾರದು. ಬಲಗಾಲು 45 ಸೆಕೆಂಡ್, ಎಡಗಾಲು 45 ಸೆಕೆಂಡ್, ಹೀಗೆ ನಾಲ್ಕು ಸುತ್ತು. ಬಾಲಿನ ಗಾಳಿಯನ್ನೂ ಅಳೆಯಿರಿ. ನಿಯಮದ ಪ್ರಕಾರ ಐದನೇ ಸೈಜಿನ ಬಾಲು 410ರಿಂದ 450 ಗ್ರಾಂ, ಒತ್ತಡ 8.5ರಿಂದ 15.6 ಪಿಎಸ್‌ಐ. ಪಂಪು ಹೊಡೆದಷ್ಟೂ ಒಳ್ಳೆಯದೆಂದು ಕಲ್ಲಿನಂತೆ ಮಾಡಿದ ಬಾಲಿನಲ್ಲಿ ಕಲಿತ ಮಗುವಿಗೆ ಸರಿಯಾದ ಬಾಲಿನ ಅಂದಾಜೇ ಸಿಗುವುದಿಲ್ಲ. ನಾವು 10ರ ಆಸುಪಾಸಿನಲ್ಲಿ ಇಡುತ್ತೇವೆ.

ಎರಡನೆಯ ಕೊರತೆ ತಲೆ ಎತ್ತದಿರುವುದು. ಇಲ್ಲಿ ಹಾಕಿ ಆಡದ ಮಗು ಅಪರೂಪ. ಹಾಕಿಯಿಂದ ಬಂದವರಿಗೆ ತ್ರಿಕೋನದಲ್ಲಿ ನಿಲ್ಲುವುದು, ಜಾಗ ಹುಡುಕಿ ಓಡುವುದು ಚೆನ್ನಾಗಿ ಗೊತ್ತಿರುತ್ತದೆ, ಅದು ದೊಡ್ಡ ಆಸ್ತಿ. ಆದರೆ ಬಗ್ಗಿ ಬಾಲನ್ನೇ ನೋಡುವ ಅಭ್ಯಾಸವೂ ಜೊತೆಗೇ ಬಂದಿರುತ್ತದೆ. ಪಾಸು ಹೊರಡುವ ಮುಂಚೆ ಒಮ್ಮೆ, ಬಾಲು ದಾರಿಯಲ್ಲಿರುವಾಗ ಇನ್ನೊಮ್ಮೆ ಹೆಗಲ ಮೇಲಿಂದ ಹಿಂದೆ ನೋಡಬೇಕು. ಇದನ್ನು ಕಲಿಸಲು ಆಟಗಾರನ ಬೆನ್ನ ಹಿಂದೆ ಒಬ್ಬರು ಬಣ್ಣದ ಬಟ್ಟೆ ಹಿಡಿದು ನಿಲ್ಲುತ್ತಾರೆ. ಬಾಲು ಕಾಲಿಗೆ ತಾಗುವ ಮೊದಲು ಬಣ್ಣ ಹೇಳಬೇಕು. ಹೇಳುವುದು ತಡವಾದರೆ ಬಾಲು ಎಷ್ಟೇ ಚೆನ್ನಾಗಿ ನಿಂತರೂ ಲೆಕ್ಕಕ್ಕಿಲ್ಲ. ಆಮೇಲೆ ಎಂಟು ಮೀಟರ್ ಚೌಕದಲ್ಲಿ ನಾಲ್ವರ ವಿರುದ್ಧ ಇಬ್ಬರ ರಾಂಡೋ (ನಾಲ್ವರು ಸುತ್ತ ನಿಂತು ಬಾಲು ದಾಟಿಸುತ್ತಾರೆ, ನಡುವಿನ ಇಬ್ಬರು ಕಸಿಯಲು ನೋಡುತ್ತಾರೆ), ಒಬ್ಬೊಬ್ಬರಿಗೆ ಎರಡೇ ಸ್ಪರ್ಶ. ಕ್ಲಬ್ಬುಗಳಲ್ಲಿ ಅಭ್ಯಾಸ ಶುರುವಾಗುವುದೇ ಹೆಚ್ಚಾಗಿ ರಾಂಡೋದಿಂದ, ಕೋಚ್‌ಗಳ ಕಣ್ಣಿಗೆ ಮಗು ಮೊದಲು ಬೀಳುವುದೂ ಅಲ್ಲೇ.

ಕೂಗುವ ಮಾತುಗಳನ್ನೂ ಕಲಿಸಿ. ನಮ್ಮ ಮೈದಾನದಲ್ಲಿ ಕೊಡವ, ಮಲಯಾಳಂ, ಅರೆಭಾಷೆ, ಕನ್ನಡ ಎಲ್ಲವೂ ನಡೆಯುತ್ತದೆ. ಕ್ಲಬ್ಬಿನಲ್ಲಿ ನಡೆಯುವುದು ‘ಮ್ಯಾನ್ ಆನ್’ (ಹಿಂದೆ ಎದುರಾಳಿ ಇದ್ದಾನೆ), ‘ಟರ್ನ್’ (ತಿರುಗು, ಜಾಗವಿದೆ), ‘ಸೆಟ್’ (ಒಂದೇ ಸ್ಪರ್ಶದಲ್ಲಿ ಹಿಂದಕ್ಕೆ ಕೊಡು). ಇವು ಗೊತ್ತಿಲ್ಲದೆ ಸುಮ್ಮನೆ ಆಡುವ ಮಗುವಿಗೆ ಧೈರ್ಯವಿಲ್ಲ ಎಂಬ ತಪ್ಪು ಅಭಿಪ್ರಾಯ ಬಂದುಬಿಡುತ್ತದೆ.

ಬೂಟಿನ ವಿಷಯದಲ್ಲಿ ಪೋಷಕರಿಗೆ ಖಡಾಖಂಡಿತ ಹೇಳುತ್ತೇವೆ: ಎರಡು ವರ್ಷ ಬರಲೆಂದು ಒಂದು ಸೈಜು ದೊಡ್ಡದು ಕೊಡಿಸಬೇಡಿ. ಪಾದ ಒಳಗೇ ಜಾರಿ ಹಿಮ್ಮಡಿಯಲ್ಲಿ ಬೊಬ್ಬೆ ಏಳುತ್ತದೆ. ಕೆಸರಿಗೆಂದು ಕೊಂಡ ಉದ್ದ ಸ್ಟಡ್ ಕೃತಕ ಟರ್ಫಿನಲ್ಲಿ ಸಿಕ್ಕಿಕೊಳ್ಳುತ್ತದೆ. ಮೈ ತಿರುಗಿದರೂ ಪಾದ ಅಲ್ಲೇ ನಿಂತು ಮಂಡಿ ಉಳುಕುತ್ತದೆ. ಕೃತಕ ಟರ್ಫಿಗೆ ಎಜಿ ಅಥವಾ ಟಿಎಫ್ ಎಂದು ಬರೆದಿರುವ, ಗಿಡ್ಡ ಸ್ಟಡ್‌ಗಳು ಹೆಚ್ಚಿರುವ ಬೂಟು ಬೇಕು. ಹೊರಡುವ ಎರಡು ಮೂರು ವಾರ ಮೊದಲೇ ಅದನ್ನು ಹಾಕಿ ಆಡಿ ಪಳಗಿಸಿರಬೇಕು.

ವಾರಕ್ಕೆ ಎರಡು ದಿನ ಆಡುವ ಹುಡುಗ ಕ್ಲಬ್ಬಿನಲ್ಲಿ ಐದು ದಿನ, ದಿನಕ್ಕೆ 75ರಿಂದ 90 ನಿಮಿಷ ಆಡಬೇಕಾಗುತ್ತದೆ. ಮೂರನೇ ದಿನಕ್ಕೆ ತೊಡೆಯ ಹಿಂಭಾಗವೋ ತೊಡೆಸಂದಿಯೋ ಹಿಡಿದುಕೊಳ್ಳುವುದು ಇದರಿಂದಲೇ. ಹಾಗಾಗಿ ಹೊರಡುವ ಮುಂಚಿನ ಆರು ವಾರಗಳಲ್ಲಿ ಆಟದ ದಿನಗಳನ್ನು ಹೀಗೆ ಏರಿಸಿ: ಮೊದಲೆರಡು ವಾರ ಮೂರು ದಿನ, ಮುಂದಿನೆರಡು ವಾರ ನಾಲ್ಕು ದಿನ, ಐದನೇ ವಾರ ಐದು ದಿನ, ಕೊನೆಯ ವಾರ ಹಗುರ. ಪ್ರತಿ ಸಲ ಗಾಯ ತಡೆಯಲೆಂದು ರೂಪಿಸಿದ ಫಿಫಾ 11+ ವಾರ್ಮ್‌ಅಪ್ ಪೂರ್ತಿ ಮಾಡಿಸಿ: 20 ನಿಮಿಷ, 15 ವ್ಯಾಯಾಮ. ನಡುವಿನ ಹತ್ತು ನಿಮಿಷದ ಬಲ ಮತ್ತು ಸಮತೋಲನದ ಭಾಗವನ್ನೇ ಎಲ್ಲರೂ ಬಿಡುವುದು, ಗಾಯ ತಡೆಯುವಲ್ಲಿ ಮುಖ್ಯವಾದದ್ದೂ ಅದೇ.

ಬಿಸಿಲನ್ನು ಮಾತ್ರ ಇಲ್ಲಿ ಅಭ್ಯಾಸ ಮಾಡಿಸಲಾಗದು. ಬೆಂಗಳೂರು ಪರವಾಗಿಲ್ಲ. ಬಳ್ಳಾರಿ ಕಡೆಯ ಕೇಂದ್ರಕ್ಕೆ ಬೇಸಿಗೆಯಲ್ಲಿ ಹೋದರೆ 40 ಡಿಗ್ರಿ ಎದುರಾಗಬಹುದು. ಎರಡು ದಿನ ಮೊದಲೇ ತಲುಪಿಸಿ. ಅಭ್ಯಾಸದ ಮುಂಚೆ, ನಂತರ ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ ಒಂದೂವರೆ ಲೀಟರ್‌ನಷ್ಟು ನೀರು, ಓಆರ್‌ಎಸ್ ಸ್ವಲ್ಪ ಸ್ವಲ್ಪವಾಗಿ ಹೋಗಬೇಕು. ಕೊಡಗಿಗೆ ರೈಲಿಲ್ಲ. ರಾತ್ರಿ ಬಸ್ಸಿನಲ್ಲಿ ಕಾಲು ಮಡಚಿ ಕೂತು ಬೆಳಿಗ್ಗೆ ನೇರ ಮೈದಾನಕ್ಕೆ ಇಳಿಸುವುದು ಬೇಡವೇ ಬೇಡ.

ಕಾಗದಪತ್ರ: ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ಪತ್ರ, ಪೋಷಕರ ಒಪ್ಪಿಗೆ, ವೈದ್ಯಕೀಯ ಪ್ರಮಾಣಪತ್ರ. ವಯಸ್ಸು ತಿದ್ದುವ ಯೋಚನೆಯೇ ಬೇಡ, ಮಣಿಕಟ್ಟಿನ ಎಕ್ಸ್‌ರೇ ತೆಗೆದು ಟಿಡಬ್ಲ್ಯು3 ವಿಧಾನದಲ್ಲಿ ಮೂಳೆಯ ವಯಸ್ಸು ನೋಡುತ್ತಾರೆ. ಅಭ್ಯಾಸಕ್ಕೆ ಹೋಗುವುದು ಬೇರೆ, ಎಐಎಫ್‌ಎಫ್‌ನ (ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್) ಸಿಆರ್‌ಎಸ್ ಎಂಬ ಆಟಗಾರರ ನೋಂದಣಿ ವ್ಯವಸ್ಥೆಯಲ್ಲಿ ಕ್ಲಬ್ಬಿಗೆ ನೋಂದಣಿಯಾಗುವುದು ಬೇರೆ. ಓದದೆ ಸಹಿ ಹಾಕಬೇಡಿ. ಟ್ರಯಲ್ ಕೊಡಿಸುತ್ತೇನೆಂದು ಮಧ್ಯವರ್ತಿ ಹಣ ಕೇಳಿದರೆ ಮೊದಲು ಕ್ಲಬ್ಬಿನ ಕಚೇರಿಗೇ ಫೋನ್ ಮಾಡಿ.

ಅಲ್ಲಿರುವಾಗ ಪ್ರತಿ ರಾತ್ರಿ ನೋಟ್‌ಬುಕ್‌ನಲ್ಲಿ ಅಂದಿನ ಅಭ್ಯಾಸದ ಚಿತ್ರ ಬರೆಯಬೇಕು: ಜಾಗದ ಅಳತೆ, ಎಷ್ಟು ಜನ, ಎಷ್ಟು ಸ್ಪರ್ಶ, ಕೋಚ್ ಆಟ ನಿಲ್ಲಿಸಿದ್ದು ಯಾವಾಗ. ಅನುಮತಿ ಇಲ್ಲದೆ ಮೊಬೈಲಿನಲ್ಲಿ ಚಿತ್ರೀಕರಿಸಬಾರದು. ಕೊನೆಯ ದಿನ ಕೋಚ್ ಹತ್ತಿರ ಒಂದೇ ಪ್ರಶ್ನೆ ಕೇಳಲಿ: ‘ಸಾರ್, ನಾನು ಮೊದಲು ಸರಿಮಾಡಿಕೊಳ್ಳಬೇಕಾದ ಒಂದು ವಿಷಯ ಯಾವುದು?’ ಹೇಗಿತ್ತು ಸಾರ್ ಎಂದರೆ ಚೆನ್ನಾಗಿತ್ತು ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ಮಾಡಲಾಗದು.

ಮರಳಿದ ಮೇಲೆ ಮೂರು ದಿನ ವಿಶ್ರಾಂತಿ. ಹನ್ನೊಂದರಿಂದ ಹದಿನೈದರ ಮಕ್ಕಳಿಗೆ ಹಿಮ್ಮಡಿ ಅಥವಾ ಮಂಡಿಯ ಕೆಳಗಿನ ಮೂಳೆಯ ಉಬ್ಬನ್ನು ಒತ್ತಿದಾಗ ನೋವಿದ್ದರೆ ಬಹುಪಾಲು ಅದು ಬೆಳೆಯುವ ಮೂಳೆಗೆ ಬಿದ್ದ ಭಾರ. ಎಣ್ಣೆ ತಿಕ್ಕಿ ಆಡಿಸಬೇಡಿ. ಜಿಗಿತ, ವೇಗದ ಓಟ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ. ನೋವು ಇಳಿಯುವವರೆಗೆ ನಿಂತಲ್ಲೇ ಹಗುರವಾಗಿ ಪಾಸು ಕೊಡುವ ಅಭ್ಯಾಸವಷ್ಟೇ ಸಾಕು, ಅದೂ ವೈದ್ಯರು ಒಪ್ಪಿದರೆ.