ಪಟ್ಟಿ ಬರೆದವರು ಯಾರು? ನೆರವು ಸಿಬ್ಬಂದಿಗೆ ಸಂಘರ್ಷ ಗುರುತಿಸಲು ಕಲಿಸುವ ಬಗೆ

ನೆರವು ಸಂಸ್ಥೆಗಳ ಸಿಬ್ಬಂದಿಗೆ ತರಬೇತಿ ಕೊಡುವುದು ನನ್ನ ಕೆಲಸ. 'ನಿಮ್ಮ ಯೋಜನೆ ಬಂದ ಮೇಲೆ ಅಲ್ಲಿ ಜಗಳ ಜಾಸ್ತಿಯಾಯಿತಾ, ಕಡಿಮೆಯಾಯಿತಾ?' ಎಂದು ಕೇಳಿದರೆ ಹೆಚ್ಚಿನವರದು ಒಂದೇ ಉತ್ತರ: 'ನಾವು ಹಸಿದವರಿಗೆ ಊಟ ಕೊಡ್ತೀವಿ, ರಾಜಕೀಯ ಮಾಡಲ್ಲ.' ತರಬೇತಿ ಶುರುವಾಗಬೇಕಿರುವುದು ಇಲ್ಲಿಂದಲೇ.

ಇದಕ್ಕೆ ನಾನು ಕೊಡುವ ಉದಾಹರಣೆ ಗೋಮಾ, ರುವಾಂಡಾ ಗಡಿಗೆ ಅಂಟಿಕೊಂಡ ಕಾಂಗೋದ (ಆಗಿನ ಝೈರ್) ಪಟ್ಟಣ. 1994ರಲ್ಲಿ ರುವಾಂಡಾದ ನರಮೇಧದ ನಂತರ ಲಕ್ಷಾಂತರ ಜನ ಗಡಿ ದಾಟಿ ಅಲ್ಲಿನ ಶಿಬಿರಗಳಿಗೆ ಬಂದರು. ಕೊಂದವರೂ ಆ ಗುಂಪಿನಲ್ಲೇ ಇದ್ದರು. ರೇಷನ್ ಹಂಚಿಕೆ ನರಮೇಧ ನಡೆಸಿದ ಹಳೇ ನಾಯಕರ ಕೈಗೆ ಸಿಕ್ಕಿತು, ಅದರ ಬಲದಿಂದಲೇ ಅವರು ಜನರ ಮೇಲೆ ಹಿಡಿತ ಉಳಿಸಿಕೊಂಡರು. ವೈದ್ಯಕೀಯ ನೆರವು ಸಂಸ್ಥೆ ಎಂಎಸ್‌ಎಫ್‌ನ (ಗಡಿಗಳಿಲ್ಲದ ವೈದ್ಯರು) ಫ್ರೆಂಚ್ ವಿಭಾಗ ಅದೇ ವರ್ಷ ಆ ಶಿಬಿರಗಳಿಂದ ಹೊರನಡೆಯಿತು. ಅಲ್ಲಿ ರಾಜಕೀಯ ಮಾಡಬೇಕೆಂದು ಯಾವ ನೆರವು ಸಂಸ್ಥೆಯೂ ಹೋಗಿರಲಿಲ್ಲ. ಇಂಥ ಅನುಭವಗಳಿಂದಲೇ ಆ ದಶಕದಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞೆ ಮೇರಿ ಆಂಡರ್ಸನ್, ನೆರವಿನಿಂದ ಜಗಳ ಹೆಚ್ಚದಂತೆ ನೋಡಿಕೊಳ್ಳುವ 'ಹಾನಿ ಮಾಡಬೇಡಿ' ಎಂಬ ವಿಧಾನವನ್ನು ರೂಪಿಸಿದರು. 1998ರಲ್ಲಿ ಸಂಶೋಧಕ ಕೆನೆತ್ ಬುಷ್, ಒಂದು ಯೋಜನೆ ಶಾಂತಿಗೆ ನೆರವಾಯಿತೋ ಸಂಘರ್ಷಕ್ಕೋ ಎಂದು ಅಳೆಯುವ ಕ್ರಮ ಮುಂದಿಟ್ಟರು. ತರಬೇತಿಯಲ್ಲಿ ಇತಿಹಾಸ ಇಷ್ಟು ಸಾಕು.

ಯಾರನ್ನು ಕರೆಯುತ್ತೀರಿ ಅನ್ನುವುದು ಮುಖ್ಯ. ಯೋಜನಾಧಿಕಾರಿಗಳನ್ನಷ್ಟೇ ಕೂರಿಸಿದರೆ ಪ್ರಸ್ತಾವನೆಯಲ್ಲಿ ಬರೆದದ್ದನ್ನೇ ಮತ್ತೆ ಕೇಳುತ್ತೀರಿ. ಡ್ರೈವರ್, ಗೋದಾಮು ನೋಡಿಕೊಳ್ಳುವವರು, ದುಭಾಷಿ ಇವರು ಇರಲೇಬೇಕು. ಯಾವ ದಾರಿಯಲ್ಲಿ ಲಾರಿ ನಿಲ್ಲಿಸುತ್ತಾರೆ, ಯಾರಿಗೆ ಎಷ್ಟು ಮೂಟೆ ಬಿಟ್ಟು ಬರಬೇಕು ಎಂಬುದು ಗೊತ್ತಿರುವುದು ಅವರಿಗೇ. ಆದರೆ ಮ್ಯಾನೇಜರ್ ಪಕ್ಕದಲ್ಲಿ ಕೂತಿದ್ದರೆ ಡ್ರೈವರ್ ಬಾಯಿ ಬಿಡುವುದಿಲ್ಲ. ಅದಕ್ಕೇ ಮೊದಲು ಕೆಲಸವಾರು ಗುಂಪು ಮಾಡಿ, ಮ್ಯಾನೇಜರ್‌ಗಳನ್ನು ಕೊನೆಯ ದಿನಕ್ಕೆ ಕರೆಯಿರಿ. ಸ್ಥಳೀಯ ಸಿಬ್ಬಂದಿಯೂ ಯಾವುದೋ ಒಂದು ಕಡೆಯವರೇ ಅನ್ನುವುದು ನೆನಪಿರಲಿ. 'ನಿಮ್ಮ ಜನ ಏನಂತಾರೆ?' ಎಂದು ಎಲ್ಲರೆದುರು ಯಾರನ್ನೂ ಕೇಳಬೇಡಿ.

ಮೊದಲ ಅಭ್ಯಾಸಕ್ಕೆ ಗೋಡೆಗೆ ಎರಡು ಚಾರ್ಟ್ ಅಂಟಿಸಿ: ಜನರನ್ನು ಒಡೆಯುವುದು ಏನು, ಕೂಡಿಸುವುದು ಏನು. 'ಧರ್ಮ', 'ಜನಾಂಗ' ಎಂದು ಬರೆದರೆ ಒಪ್ಪಬೇಡಿ. 'ಬಾವಿಯಲ್ಲಿ ಯಾರ ಸರದಿ ಮೊದಲು' ಎಂದು ಬರೆಯುವ ತನಕ ಬಿಡಬೇಡಿ. ಒಡೆಯುವ ಚಾರ್ಟ್ ಬೇಗ ತುಂಬುತ್ತದೆ. ಇನ್ನೊಂದು ಖಾಲಿ ನಿಂತಿರುತ್ತದೆ. ಆಗ ಕೇಳಿ: 'ಗುಂಡು ಹಾರುತ್ತಿದ್ದಾಗಲೂ ನಿಲ್ಲದೇ ಇದ್ದದ್ದು ಏನು?' ಸಂತೆ, ಕರೆಂಟಿನ ಲೈನು, ಎರಡೂ ಕಡೆಯ ರೋಗಿಗಳು ಬರುವ ಆಸ್ಪತ್ರೆ ಒಂದೊಂದೇ ಹೊರಬರುತ್ತವೆ. ಎಲ್ ಸಾಲ್ವಡೋರ್‌ನಲ್ಲಿ ಅಂತರ್ಯುದ್ಧ ನಡೆಯುತ್ತಿದ್ದಾಗಲೇ, 1985ರಲ್ಲಿ, ಮಕ್ಕಳಿಗೆ ಲಸಿಕೆ ಹಾಕಿಸಲು ಸರ್ಕಾರವೂ ಬಂಡಾಯಗಾರರೂ ಕಾದಾಟ ನಿಲ್ಲಿಸಿದ್ದರು. ಇದನ್ನು ಹೇಳಿದ ಮೇಲೆ ಪೆನ್ನು ತಾನಾಗಿಯೇ ಓಡುತ್ತದೆ.

ಎರಡನೆಯದು ಪಟ್ಟಿಯ ಅಭ್ಯಾಸ. ನನಗೆ ಇದರ ಮೇಲೆ ನಂಬಿಕೆ ಜಾಸ್ತಿ, ಅರ್ಧ ದಿನ ಇದಕ್ಕೇ ಇಡಿ. ಒಂದು ಕಾಲ್ಪನಿಕ ಫಲಾನುಭವಿ ಪಟ್ಟಿ ಮಾಡಿ, ನಲವತ್ತು ಕುಟುಂಬ, ಎಲ್ಲ ಕಾಲಂ ಭರ್ತಿ, ಕೆಳಗೆ ಸೀಲು. 'ತಪ್ಪು ಹುಡುಕಿ' ಎಂದರೆ ಯಾರಿಗೂ ಏನೂ ಕಾಣುವುದಿಲ್ಲ. ಆಮೇಲೆ ಆ ಪಟ್ಟಿ ಹೇಗೆ ತಯಾರಾಯಿತು ಎಂದು ಬರೆದ ಚೀಟಿಗಳನ್ನು ಒಂದೊಂದಾಗಿ ಕೊಡಿ. ಹೆಸರು ಬರೆಸಲು ಗುರುತಿನ ಚೀಟಿ ಬೇಕಿತ್ತು. ಮನೆ ಸುಟ್ಟು ಓಡಿಬಂದವರ ಬಳಿ ಅದು ಇರಲಿಲ್ಲ. ಸಮಿತಿ ಸಭೆ ನಡೆದದ್ದು ಹೆಂಗಸರು ನೀರಿಗೆ ಹೋಗುವ ಹೊತ್ತಲ್ಲಿ. ಸಮಿತಿ ಅಧ್ಯಕ್ಷನ ತಮ್ಮನದೇ ಲಾರಿ, ಬಾಡಿಗೆ ನಾವೇ ಕೊಡುತ್ತಿದ್ದೇವೆ. ಮೂರನೇ ಚೀಟಿಗೆ ಕೋಣೆಯಲ್ಲಿ ಗುಸುಗುಸು ಶುರುವಾಗುತ್ತದೆ, ತಮ್ಮ ಪಟ್ಟಿಯೇ ನೆನಪಾಗುತ್ತದೆ ಅಲ್ವಾ! ಆಗ ಅವರ ನಿಜವಾದ ಕಾಗದಗಳನ್ನು ತೆಗೆಸಿ: ಹಂಚಿಕೆ ಯೋಜನೆ, ಬಾಡಿಗೆ ಕರಾರು, ನೇಮಕಾತಿ ಪತ್ರ. ಹೆಸರುಗಳನ್ನು ಮುಚ್ಚಿ. ಪ್ರತಿಯೊಂದಕ್ಕೂ ಯಾರಿಗೆ, ಎಲ್ಲಿ, ಯಾವಾಗ, ಯಾರ ಕೈಯಿಂದ ಎಂದು ಕೇಳುತ್ತಾ ಹೋಗಿ.

ನೆರವು ಜಗಳಕ್ಕೆ ತುಪ್ಪ ಸುರಿಯುವ ದಾರಿಗಳು ಐದು. ಸಾಮಾನು ಶಸ್ತ್ರಧಾರಿಗಳ ಪಾಲಾಗುವುದು, ಪೇಟೆಯ ಬೆಲೆ-ಕೂಲಿ ಏರುಪೇರಾಗುವುದು, ಒಬ್ಬರಿಗೆ ಸಿಕ್ಕಿ ಇನ್ನೊಬ್ಬರಿಗೆ ಸಿಗದಿರುವುದು, ಆಳುವವರು ಮಾಡಬೇಕಾದ್ದನ್ನು ನಾವು ಮಾಡಿ ಅವರ ದುಡ್ಡು ಯುದ್ಧಕ್ಕೆ ಉಳಿಯುವುದು, ಪರವಾನಗಿಗೆಂದು ಕಮಾಂಡರ್ ಮುಂದೆ ಕೂತು ಅವನಿಗೆ ದೊಡ್ಡಸ್ತಿಕೆ ತಂದುಕೊಡುವುದು. ಮೂರನೆಯದಕ್ಕೆ ಶ್ರೀಲಂಕಾ ನೋಡಿ. 2004ರ ಸುನಾಮಿಯ ನಂತರ ಕರಾವಳಿಯಲ್ಲಿ ಹೊಸ ಮನೆಗಳು ಎದ್ದವು. ಯುದ್ಧದಲ್ಲಿ ಮನೆ ಕಳೆದುಕೊಂಡವರು ಅದಕ್ಕೂ ಮುಂಚಿನಿಂದ ತಾತ್ಕಾಲಿಕ ಸೂರಿನಲ್ಲೇ ಇದ್ದರು. ಸಿಬ್ಬಂದಿಯ ನಡವಳಿಕೆಯನ್ನೂ ಬಿಡಬೇಡಿ. ಬಂದೂಕಿನ ಕಾವಲು ಇಟ್ಟುಕೊಂಡು ಓಡಾಡುವವರು ಶಾಂತಿಯ ಮಾತಾಡಿದರೆ ಯಾರು ಕೇಳುತ್ತಾರೆ?

ಕೊನೆಯ ದಿನ ಪರಿಹಾರ. ನನ್ನದೊಂದು ಕಟ್ಟುನಿಟ್ಟು ಇದೆ: 'ಜಾಗೃತಿ ಶಿಬಿರ ಮಾಡೋಣ' ಅನ್ನುವಂತಿಲ್ಲ. ಸುಮ್ನೆ ಜಾರಿಕೊಳ್ಳುವ ಉತ್ತರ ಅದು. ಸಭೆಯ ಹೊತ್ತು ಬದಲಿಸಿ, ಗುರುತಿನ ಚೀಟಿ ಬದಲು ಎರಡೂ ಕಡೆಯ ನೆರೆಯವರ ಸಾಕ್ಷಿ ಸಾಕು ಎನ್ನಿ, ಲಾರಿ ಬಾಡಿಗೆಯನ್ನು ಇಬ್ಬರಿಗೆ ಹಂಚಿ. ಹೀಗೆ ಯೋಜನೆಯೊಳಗೇ ಬದಲಾವಣೆ ಬರಬೇಕು. ಪ್ರತಿ ಬದಲಾವಣೆಯನ್ನೂ ಮತ್ತೆ ಆ ಎರಡು ಚಾರ್ಟ್‌ಗಳ ಮುಂದೆ ಹಿಡಿಯಿರಿ, ಏಕೆಂದರೆ ಪರಿಹಾರವೇ ಹೊಸ ತಕರಾರು ಎಬ್ಬಿಸುವುದುಂಟು. ಯಾರು ಮಾಡುತ್ತಾರೆ, ಯಾವಾಗ, ದುಡ್ಡು ಎಲ್ಲಿಂದ ಎಂದು ಬರೆಸಿ ಮ್ಯಾನೇಜರ್ ಸಹಿ ಹಾಕಿಸಿ.

ಒಂದು ಎಚ್ಚರಿಕೆ. ಶಸ್ತ್ರಧಾರಿಗಳ ಹೆಸರು ಚಾರ್ಟ್ ಮೇಲೆ ಬೇಡ, ಫೋಟೋವೂ ಬೇಡ. ಕೋಣೆ ಬಿಡುವ ಮುಂಚೆ ಚಾರ್ಟ್‌ಗಳನ್ನು ಹರಿದು ಹಾಕಿ. ಚೆಕ್‌ಪೋಸ್ಟ್‌ನಲ್ಲಿ ಬ್ಯಾಗ್ ತೆಗೆಸಿದರೆ ಸಿಕ್ಕಿಬೀಳುವುದು ನಿಮ್ಮ ಡ್ರೈವರ್. ಕೆಲವು ತಿಂಗಳಾದ ಮೇಲೆ ಹಂಚಿಕೆಯ ದಿನ ಹೋಗಿ ಸಾಲಿನ ಪಕ್ಕ ನಿಲ್ಲಿ. ಸಾಲಿನಲ್ಲಿ ನಿಂತವರ ಜೊತೆಗೆ, ದೂರದಲ್ಲಿ ನಿಂತು ನೋಡುತ್ತಿರುವವರನ್ನೂ ಮಾತಾಡಿಸಿ ಬನ್ನಿ.